ಹೊಳೆಯ ಉಡಿ, ಚಾವಡಿಯ ಕುರ್ಚಿ

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನಾನು ರಾಮದುರ್ಗ ತಾಲೂಕಿನ ಹೊಳೆದಂಡೆಯ ಊರೊಂದರಲ್ಲಿ ಗ್ರಾಮ ಆಡಳಿತ ಅಧಿಕಾರಿಯಾಗಿದ್ದೆ. ಸರಕಾರ ಹುದ್ದೆಯ ಹೆಸರು ಬದಲಿಸಿದರೂ ಜನರಿಗೆ ನಾನು ತಲಾಟಿ ಬಾಯಾರೇ. ಊರಿನಿಂದ ಮಲಪ್ರಭೆಗೆ ಇಳಿಯಲು ನಲವತ್ತೊಂದು ಕಲ್ಲಿನ ಮೆಟ್ಟಿಲು. ಆ ಊರಿಗೆ ಬಂದ ವಾರದಲ್ಲೇ ಎಣಿಸಿಟ್ಟುಕೊಂಡಿದ್ದೆ.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಮೊಬೈಲಿಗೆ ಎಚ್ಚರಿಕೆ ಬಂತು: ಅಣೆಕಟ್ಟಿನ ಹೊರಹರಿವು ಹೆಚ್ಚಿಸಲಾಗುತ್ತಿದೆ, ದಂಡೆಯ ಜನರನ್ನು ಸ್ಥಳಾಂತರಿಸಿ. ಹೊರಹರಿವೆಂದರೆ ಗೇಟು ಎತ್ತಿ ಹೊಳೆಗೆ ಬಿಡುವ ನೀರು. ಗೇಟು ಎತ್ತಿದ ಕೂಡಲೇ ಅದು ನಮ್ಮೂರಿಗೆ ಬರುವುದಿಲ್ಲ. ಕೆಲವು ತಾಸು ಹಿಡಿಯುತ್ತದೆ. ಜನ ಉಳಿಯುವುದೇ ಆ ತಾಸುಗಳಲ್ಲಿ. ಹಲಗೆ ಬಾರಿಸಿ ಡಂಗುರ ಹೊಡೆಸಿದೆ: “ಹೊಳಿಗೆ ದೊಡ್ಡ ನೀರು ಬರಾಕತ್ತೈತಿ, ಹುಷಾರ್.” ಆಮೇಲೆ ದಿಬ್ಬದ ಮೇಲಿನ ಶಾಲೆಯ ಬೀಗ ತೆಗೆಸಲು ಹೋದೆ.

ತಿರುಗಿ ಬಂದಾಗ ದಂಡೆಯ ಓಣಿಯ ಹೆಂಗಸರೆಲ್ಲ ತಾಟು ಹಿಡಿದು ಹೊಳೆಯತ್ತ ಹೊರಟಿದ್ದರು. ನಮ್ಮ ಕಡೆ ಹೊಳೆಗೆ ದೊಡ್ಡ ನೀರು ಬಂದ ದಿನವೇ ಉಡಿ ತುಂಬುವುದು. ಹಸಿರು ರವಿಕೆ ಖಣ, ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು ಒಯ್ದು, ನೀರಿಗಿಳಿದು ಹೊಳೆವ್ವನಿಗೆ ಕೊಡುವುದು. ನನ್ನ ಡಂಗುರವೇ ಅವರನ್ನು ಹೊರಡಿಸಿತ್ತು. ನಾನೂ ಇದೇ ಸೀಮೆಯವಳು, ಗೊತ್ತಿರಬೇಕಿತ್ತು. ನನ್ನ ಮೇಲೆ ನನಗೇ ಕೆಟ್ಟ ಸಿಟ್ಟು ಬಂತು.

ನನ್ನ ಕಚೇರಿಯಿದ್ದ ಚಾವಡಿಯ ಕುರ್ಚಿಯನ್ನು ಎತ್ತಿಕೊಂಡು ಓಡಿದೆ. ಮೇಲಿನ ಮೆಟ್ಟಿಲಿಗೆ ಅಡ್ಡ ಹಾಕಿ ಕುಳಿತುಬಿಟ್ಟೆ. ಕೆಳಗೆ ನೀರು ಇನ್ನೂ ಶಾಂತವಾಗಿತ್ತು, ಅದೇ ಮೋಸ. ಏರುವ ಹೊಳೆಯಲ್ಲಿ ಮೊಣಕಾಲಷ್ಟು ನೀರು ಸಾಕು, ನಿಂತವರ ಕಾಲು ಕೀಳುತ್ತದೆ.

ಮುಂದೆ ನಿಂತವಳು ನೀಲವ್ವ, ಪ್ರತಿ ವರ್ಷ ಮೊದಲ ಉಡಿ ತುಂಬುವ ಮುದುಕಿ. “ದಾರಿ ಬಿಡ್ರಿ ಬಾಯಾರ. ಐವತ್ತ ವರ್ಷ ಒಮ್ಮೆನೂ ತಪ್ಪಿಸಿಲ್ಲ.”

“ಬಿಡೂದಿಲ್ಲ ಅವ್ವಾ. ಇವತ್ತ ಇಳಿದವರು ಮ್ಯಾಲ ಬರೂದಿಲ್ಲ.”

ಅಷ್ಟರಲ್ಲಿ ಊರಿನ ಸಾವ್ಕಾರರು ಬಂದರು. ಪೂಜೆ ತಡೆಯಲು ನಾನ್ಯಾರು ಎಂದು ಕೇಳಿದರು, ಯಾರಿಗೋ ಫೋನ್ ಹಚ್ಚಿದರು. “ನಾಳೆನ ನಿಮ್ಮ ಬದಲಿ ಮಾಡಸ್ತೇನಿ, ನೋಡ್ರಿ.”

“ಮಾಡಸ್ರಿ. ಆರ್ಡರ್ ಕೈಗೆ ಬರೂಮಟ ಈ ಮೆಟ್ಟಲಾ ನಂದು.”

ಸೆರಗು ಸೊಂಟಕ್ಕೆ ಸಿಕ್ಕಿಸಿ ಕುರ್ಚಿಯ ಮೇಲೆ ಗಟ್ಟಿಯಾಗಿ ಕುಳಿತೆ.

ನೀಲವ್ವ ಅಳುಮೋರೆ ಮಾಡಿದಳು. “ಉಡಿ ತಪ್ಪಿದ್ರ ಹೊಳೆವ್ವ ಸಿಟ್ಟಾಗತಾಳ್ರಿ.”

“ಸಿಟ್ಟಾದ್ರ ನನ್ನ ಮ್ಯಾಲ ಆಗ್ಲಿ. ಉಡಿ ಇಲ್ಲೇ ನನ್ನ ಕಾಲ್ಕಡೆ ಇಡ್ರಿ. ದೊಡ್ಡ ನೀರ ಬರೂದು ಖರೆ ಆದ್ರ ಆಕೀನ ಬಂದು ತಗೋತಾಳ.”

ಮುದುಕಿ ತಾಟು ಕೆಳಗಿಟ್ಟಳು. ಆಮೇಲೆ ಮೆಟ್ಟಿಲ ಮೇಲೆ ಕುಂಕುಮ ಹಚ್ಚಿ, ಖಣ ಹಾಸಿ, ಉಡಿ ಇಟ್ಟಳು. ಉಳಿದವರೂ ಸಾಲಾಗಿ ಇಟ್ಟರು. ಆಕೆಯೇ ಎಲ್ಲರನ್ನೂ ಶಾಲೆಯ ದಿಬ್ಬದ ಕಡೆ ತಿರುಗಿಸಿದಳು: “ನಡೀರಿ ಇನ್ನ ಸಾಲಿಗೆ. ಹುಡುಗ್ರು, ದನಾ ಎಲ್ಲಾ ಹೊಡಕೊಂಡ ನಡೀರಿ.”

ಮಧ್ಯಾಹ್ನದ ಹೊತ್ತಿಗೆ ಓಣಿ ಖಾಲಿಯಾಯಿತು. ನಾನೂ ಕುರ್ಚಿ ಬಿಟ್ಟು ದಿಬ್ಬ ಹತ್ತಿದೆ. ಸಂಜೆ ಶಾಲೆಯ ಕಟ್ಟೆಯಿಂದ ನೋಡುತ್ತಿದ್ದಂತೆ ನಲವತ್ತೊಂದೂ ಮೆಟ್ಟಿಲು ಮುಳುಗಿದವು. ಹಸಿರು ಖಣಗಳು ಒಂದೊಂದಾಗಿ ಎದ್ದು ತೇಲಿದವು, ಹಿಂದೆಯೇ ನನ್ನ ಕುರ್ಚಿ. ನೀಲವ್ವ ಕೈ ಮುಗಿದಳು. ಸಾವ್ಕಾರರೂ ಅಲ್ಲೇ ನಿಂತು ನೋಡಿದರು.

ಎಚ್ಚರಿಕೆ ಹೇಳಿದರೆ ಕೆಲಸ ಮುಗಿಯುವುದಿಲ್ಲ, ಅದನ್ನು ಕೇಳಿದ ಜನರ ಕಾಲು ಯಾವ ಕಡೆ ಹೊರಟಿತು ಎಂದು ನಿಂತು ನೋಡಬೇಕು. ಈ ನೌಕರಿ ನನಗೆ ಕಲಿಸಿದ್ದು ಇಷ್ಟೇ. ಮುಂದಿನ ಮಳೆಗಾಲದಿಂದ ನನ್ನ ಡಂಗುರ ಬದಲಾಯಿತು: “ದೊಡ್ಡ ನೀರು ಬರಾಕತ್ತೈತಿ, ಉಡಿ ಮ್ಯಾಲಿನ ಮೆಟ್ಟಲಕ್ಕ ಇಟ್ಟು ಸಾಲಿಗೆ ನಡೀರಿ.”

ಅದಕ್ಕೂ ಮೊದಲು, ಆ ನೀರು ಬಂದ ಹದಿನೈದು ದಿನಕ್ಕೆ, ತಾಲೂಕು ಕಚೇರಿಯಿಂದ ನೋಟಿಸು ಬಂದಿತ್ತು: ಪೂಜೆಗೆ ಅಡ್ಡಿಪಡಿಸಿದ್ದೇಕೆ, ಕಚೇರಿಯ ಕುರ್ಚಿ ಎಲ್ಲಿ? ಕ್ಷಮೆ ಕೇಳಿ ಬರೆಯಿರಿ ಎಂದು ಜೊತೆಯವರು ಬುದ್ಧಿ ಹೇಳಿದರು. ನಾನು ಬರೆದದ್ದು ಒಂದೇ ಸಾಲು: “ಜನರೆಲ್ಲ ಇದ್ದಾರೆ, ಎಣಿಸಿಕೊಳ್ಳಬಹುದು, ಕುರ್ಚಿಯನ್ನು ಹೊಳೆಯಲ್ಲಿ ಕೇಳಬೇಕು.”