ಎರಡನೇ ಪಾರ್ಟಿಷನ್

1997ರ ಆಗಸ್ಟಿನಲ್ಲಿ ವಿದ್ಯಾವತಿಗೆ ಹುಟ್ಟಿದ ಮಗು ಅಳಲೇ ಇಲ್ಲ. ತಿಂಗಳು ತುಂಬಿದ ಹೆಣ್ಣುಮಗು. ಗಂಡ ಶ್ರೀಶೈಲ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ತಮ್ಮೂರು ದೇವಣಗಾಂವದ ಹೊಲಕ್ಕೆ ಒಯ್ದು ಮಣ್ಣು ಮಾಡಿದ. ಮಾತಾಡಿಸಲು ಬಂದವರೆಲ್ಲ ಅತ್ತರು. ವಿದ್ಯಾವತಿ ಅವರಿಗೆ ನೀರು ಕೊಡಲು ಎದ್ದಳು.

ಅತ್ತೆ ಕಸ್ತೂರೆವ್ವ ಒಂದೇ ಸಲ ಅಂದಳು: "ಬಸರಿದ್ದಾಗ ದಿನಾ ಆ ಕಂಪ್ಯೂಟರಿನ ಮುಂದ ಕುಂತ್ರ ಮತ್ತೇನಾಗ್ತೈತಿ? ಅದರ ಝಳಾನ ಕೂಸಿಗೆ ಬಡೀತು."

ಐವತ್ತು ದಿನಕ್ಕೆ ವಿದ್ಯಾವತಿ ತಾನು ಪಾಠ ಹೇಳುವ ಸಿಂದಗಿಯ ಡಿಪ್ಲೊಮಾ ಕಾಲೇಜಿಗೆ ಮರಳಿದಳು. ಅಲ್ಲಿ ಅವಳೂ ಹಿರಿಯ ಉಪನ್ಯಾಸಕ ಕುತುಬುದ್ದೀನರೂ ಸೇರಿ ಪಾಠಕ್ಕೆಂದೇ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದರು. ಅದರ ತಿರುಳಾದ ಕರ್ನಲ್ ಅಷ್ಟಿಷ್ಟು ನಡೆಯುತ್ತಿತ್ತು. ಹಾರ್ಡ್ ಡಿಸ್ಕನ್ನು ಎರಡು ಭಾಗ, ಅಂದರೆ ಎರಡು ಪಾರ್ಟಿಷನ್, ಮಾಡಿದ್ದರು. ಮೊದಲನೆಯದನ್ನು ಕರ್ನಲ್ ಸರಾಗವಾಗಿ ಓದುತ್ತಿತ್ತು. ಎರಡನೆಯದಕ್ಕೆ ಹೋದರೆ ಅದರ ಶುರುವಿನಲ್ಲಿ ಇರಬೇಕಾದ ಗುರುತು ಹೊಂದುತ್ತಿಲ್ಲವೆಂದು ನಿಂತುಬಿಡುತ್ತಿತ್ತು.

ಕುತುಬುದ್ದೀನರು ಸಮಾಧಾನದ ಮಾತು ಆಡಲಿಲ್ಲ. "ಬರ್ರಿ ಮೇಡಂ. ಕೇಬಲ್ ಬದಲಿ ಮಾಡಿ ನೋಡೀನಿ. ಡಾಸ್ ಸಿಸ್ಟಮ್‌ನ್ಯಾಗ ಎರಡೂ ಛಲೋ ಓದ್ತಾವ. ಡಿಸ್ಕ್ ಕೆಟ್ಟಿಲ್ರಿ, ನಮ್ಮ ಕೋಡಿನಾಗ ಏನೋ ಐತಿ" ಎಂದು ಕುರ್ಚಿ ಎಳೆದುಕೊಟ್ಟರು. ಅಷ್ಟೇ ಸಾಕಿತ್ತು ಅವಳಿಗೆ.

ಐದು ದಿನ ಅವಳು ಸಾಲುಸಾಲಾಗಿ ಓದಿದಳು. ಊಟದ ಡಬ್ಬಿ ತೆರೆದು ತಿಂದಳು, ಏನು ತಿಂದೆನೆಂಬುದು ನೆನಪಿರಲಿಲ್ಲ. ಆರನೇ ದಿನ, ಡಿಸ್ಕಿನ ಯಾವ ತುಣುಕನ್ನು, ಅಂದರೆ ಸೆಕ್ಟರನ್ನು, ಓದಲು ಹೊರಟಿದೆಯೋ ಅದರ ನಂಬರನ್ನು ಮೊದಲೇ ಪರದೆಯ ಮೇಲೆ ತೋರಿಸುವಂತೆ ಕರ್ನಲ್‌ಗೆ ಒಂದು ಸಾಲು ಸೇರಿಸಿದಳು. ಎರಡನೇ ಪಾರ್ಟಿಷನ್ ಶುರುವಾಗುವುದು 65,599ರಲ್ಲಿ. ಪರದೆಯ ಮೇಲೆ ಬಂದದ್ದು 63.

ಅರವತ್ಮೂರು ಅಂದರೆ ಮೊದಲನೆಯದರ ಶುರು. ಎರಡನೆಯದನ್ನು ಕೇಳಿದರೆ ಕರ್ನಲ್ ಮತ್ತೆ ಮೊದಲನೆಯದನ್ನೇ ಓದುತ್ತಿತ್ತು.

ಅವಳು ಕಾಗದದ ಮೇಲೆ ಕಳೆದು ನೋಡಿದಳು. ವ್ಯತ್ಯಾಸ 65,536. ಕೋಡಿನಲ್ಲಿ ನಂಬರ್ ಇಡಲು ಕೊಟ್ಟಿದ್ದ ಜಾಗ ಚಿಕ್ಕದು. 65,535 ದಾಟಿದರೆ ಮತ್ತೆ ಸೊನ್ನೆಯಿಂದ ಎಣಿಸುತ್ತಿತ್ತು. ಆ ಸಾಲಿನ ಪಕ್ಕದಲ್ಲಿ ಅವಳದೇ ಹೆಸರು, ಜೂನ್ ತಿಂಗಳ ತಾರೀಖು. ಆಗ ಅವಳಿಗೆ ಏಳು ತಿಂಗಳು.

"ಸರ್, ಇದು ನಾ ಬರದದ್ರಿ. ನನ್ನ ತಪ್ಪು."

ಕುತುಬುದ್ದೀನರು ಕನ್ನಡಕ ಏರಿಸಿ ನೋಡಿದರು. "ನಾನೂ ಓದಿ ಸಹಿ ಮಾಡೀನಲ್ರಿ. ನನಗೂ ಕಾಣಲಿಲ್ಲ. ತಿದ್ರಿ."

ತಿದ್ದಿದಳು. ಎರಡನೇ ಪಾರ್ಟಿಷನ್ನಿನ ಫೈಲುಗಳು ಒಂದೊಂದಾಗಿ ಪರದೆ ತುಂಬಿದವು. ಕುತುಬುದ್ದೀನರು ಚಪ್ಪಾಳೆ ತಟ್ಟಿ ಚಹಾ ತರಿಸಿದರು. ಅವಳು ಖುಷಿಯಾಗಲೆಂದು ಸ್ವಲ್ಪ ಹೊತ್ತು ಕಾದಳು. ಆಗಲಿಲ್ಲ. ಚಹಾ ಕುಡಿದು ಕ್ಲಾಸಿಗೆ ಹೋದಳು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಕಸ್ತೂರೆವ್ವ ಯಾರಿಗೂ ಹೇಳದೆ ಕಾಲೇಜಿಗೆ ಬಂದಳು. ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಂಪ್ಯೂಟರಿನ ಮುಂದೆ ಕುಳಿತಿದ್ದ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಒಬ್ಬಳು ಬಸುರಿ, ಕಾಲೇಜಿನ ಟೈಪಿಸ್ಟ್ ಭಾಗ್ಯಜ್ಯೋತಿ.

"ಎಷ್ಟರಾಗ ಐತಿಯವ್ವಾ?"

"ಎಂಟ್ರಾಗ್ರಿ ಅಮ್ಮಾ. ಇದು ಎರಡನೇದ್ರಿ. ಮೊದಲನೇದು ಸಾಲಿಗೆ ಹೊಂಟೈತ್ರಿ."

"ಆಗೂ ಇದರ ಮುಂದನ ಕುಂದರ್ತಿದ್ದ್ಯಾ?"

"ಹೌದ್ರಿ."

ಕಸ್ತೂರೆವ್ವ ಪರದೆಯ ಮೇಲೆ ಕೈಯಿಟ್ಟು ಝಳ ಎಷ್ಟಿದೆಯೆಂದು ನೋಡಿದಳು. ಆಮೇಲೆ ಸೊಸೆಯ ಕಡೆ ತಿರುಗಿ, "ನಾ ಹಂಗ ಅನಬಾರದಿತ್ತವ್ವಾ" ಎಂದಳು.

"ಇರ್ಲಿ ಬಿಡ್ರಿ ಅತ್ತಿ," ಎಂದಳು ವಿದ್ಯಾವತಿ. ಅವಳ ದನಿಯಲ್ಲಿ ಕೋಪವೂ ಇರಲಿಲ್ಲ, ಹಗುರವೂ ಇರಲಿಲ್ಲ. ಅತ್ತೆಗೆ ಕುರ್ಚಿ ಹಾಕಿ, ಐದರ ಬಸ್ಸಿಗೆ ಕೂಡಿಯೇ ಹೋಗೋಣವೆಂದು ಹೇಳಿ, ಹುಡುಗಿಯರು ಕೇಳಿದ ಪ್ರಶ್ನೆಗೆ ಉತ್ತರ ಹೇಳಲು ಬೋರ್ಡಿನ ಕಡೆ ನಡೆದಳು.