ಷಡ್ಡಕನ ಕೈ

ಹೊಟ್ಟೆಕಿಚ್ಚಿಗೆ ನಿವೃತ್ತಿಯ ವಯಸ್ಸು ಅಂತ ಒಂದಿಲ್ಲ. ಗೂಡಣ್ಣನಿಗೆ ಅರವತ್ತೇಳು ತುಂಬಿತ್ತು, ಎಡ ಮಂಡಿ ಕೈಕೊಟ್ಟಿತ್ತು, ಆರು ಹಲ್ಲು ಉದುರಿದ್ದವು. ಷಡ್ಡಕನ ಮೇಲಿನ ಉರಿ ಮಾತ್ರ ಇನ್ನೂ ಇಪ್ಪತ್ತರ ಪ್ರಾಯದಲ್ಲೇ ಇತ್ತು.

ಅವನು ಬಂದರಿನ ಮೂರನೇ ಕಟ್ಟೆಯ ಕ್ರೇನನ್ನು ಇಪ್ಪತ್ತೆರಡು ವರ್ಷ ನಡೆಸಿದವನು. ಕ್ರೇನಿನ ನೆತ್ತಿಯಲ್ಲಿದ್ದ ಗಾಜಿನ ಕೋಣೆಯನ್ನು ಕೂಲಿಗಳು ಗೂಡು ಅನ್ನುತ್ತಿದ್ದರು. ಅದರಲ್ಲಿ ಕೂತವನು ಗೂಡಣ್ಣನಾದ. ಅರವತ್ತೆಂಟು ಮೆಟ್ಟಿಲಿನ ಕಬ್ಬಿಣದ ಏಣಿ, ಕಾಲಡಿಗೆ ಒಂದು ಗಾಜು, ಎರಡು ಕೈಗೆ ಎರಡು ಹಿಡಿ, ಕೂರಲು ತೂತುಬಿದ್ದ ಚರ್ಮದ ಕುರ್ಚಿ. ಅಷ್ಟು ಎತ್ತರದಿಂದ ಹಡಗಿನ ಹೊಟ್ಟೆಯೊಳಗೆ ಏನಾಗುತ್ತಿದೆ ಅಂತ ಕಾಣುವುದಿಲ್ಲ. ಅದಕ್ಕೇ ಹಡಗಿನ ಅಂಚಿನಲ್ಲಿ ಒಬ್ಬ ಸನ್ನೆಗಾರ ನಿಂತಿರುತ್ತಾನೆ. ತೋರುಬೆರಳು ಮೇಲೆತ್ತಿ ತಿರುಗಿಸಿದರೆ ಎತ್ತು. ಅಂಗೈ ಕೆಳಗೆ ಮಾಡಿ ಗಾಳಿಯನ್ನು ಮೆಲ್ಲಗೆ ತಟ್ಟಿದರೆ ಇಳಿಸು. ಮುಷ್ಟಿ ಬಿಗಿದರೆ ನಿಲ್ಲಿಸು. ಮೇಲೆ ಕೂತವನು ಆ ಕೈಯನ್ನು ನಂಬಬೇಕು, ತನ್ನ ಬುದ್ಧಿಯನ್ನಲ್ಲ. ಅವನು ಯೋಚನೆ ಮಾಡುತ್ತ ಕೂತರೆ ಕೆಳಗೊಬ್ಬ ಸಾಯುತ್ತಾನೆ. ಹೊಸಬರಿಗೆ ಕಲಿಸುವ ಮೊದಲ ಪಾಠ ಅದು.

ಇಪ್ಪತ್ತೆರಡು ವರ್ಷವೂ ಆ ಕೈ ಒಬ್ಬನದೇ: ಹೆಂಡತಿಯ ತಂಗಿಯ ಗಂಡನದು. ಅವನನ್ನು ಕೆಲಸಕ್ಕೆ ಸೇರಿಸಿದವನು ಗೂಡಣ್ಣ, ನಾದಿನಿಯನ್ನು ಕೊಡಿಸಿದವನೂ ಗೂಡಣ್ಣ. ತಲೆಯ ಮೇಲೆ ತಾನೇ ಚಪ್ಪಡಿ ಎಳೆದುಕೊಂಡ ಅಂತ ಯಾರಾದರೂ ಹೇಳಿದರೆ ಅವನು ಇಲ್ಲ ಅನ್ನುತ್ತಿರಲಿಲ್ಲ.

ಉರಿ ಹತ್ತಿದ್ದು ಮುಷ್ಕರದ ಕಾಲದಲ್ಲಿ. ಸವೆದ ತಂತಿಹಗ್ಗ ಕಿತ್ತು ಮೂಟೆಗಳ ಕೆಳಗೆ ಒಬ್ಬ ಕೂಲಿ ಅಪ್ಪಚ್ಚಿಯಾಗಿದ್ದ. ಕಂಪನಿಯವರು ಹಳೇ ಹಗ್ಗಕ್ಕೇ ಗಂಟು ಹಾಕಿ ಕೆಲಸ ನಡೆಸಿ ಅಂದರು. ಗೂಡಣ್ಣ ಏಣಿ ಹತ್ತಿ, ಬಾಗಿಲು ಹಾಕಿಕೊಂಡು, ಹೊಸ ಹಗ್ಗ ಬರುವ ತನಕ ಇಳಿಯುವುದಿಲ್ಲ ಅಂತ ಕೂತುಬಿಟ್ಟ. ಮೂರು ದಿನ ಕೂತ. ನಾಲ್ಕನೇ ಬೆಳಿಗ್ಗೆ ಹಗ್ಗ ಬಂತು. ಆದರೆ ಪತ್ರಿಕೆಯಲ್ಲಿ ಫೋಟೋ ಬಂದದ್ದು ಕೆಳಗೆ ಕೈಯೆತ್ತಿ ಮಾತಾಡುತ್ತಿದ್ದ ಷಡ್ಡಕನದು. ಹಿಂದೆ ಕ್ರೇನಿನ ಎರಡು ಕಾಲು ಕಾಣುತ್ತಿದ್ದವು, ಗೂಡು ಇಲ್ಲ. ಆ ಫೋಟೋಕ್ಕೆ ಕಟ್ಟು ಹಾಕಿಸಿ ಷಡ್ಡಕ ತನ್ನ ಮನೆಯ ನಡುಕೋಣೆಯಲ್ಲಿ ತೂಗುಹಾಕಿದ. ನಾದಿನಿ ಊಟಕ್ಕೆ ಕರೆದಾಗಲೆಲ್ಲ ಗೂಡಣ್ಣ ಅದಕ್ಕೆ ಬೆನ್ನು ಮಾಡಿ ಕೂರುತ್ತಿದ್ದ.

ಆಮೇಲೆ ದೊಡ್ಡ ಯಂತ್ರಗಳು ಬಂದವು, ಬಂದರು ಆಚೆ ದಡಕ್ಕೆ ಹೋಯಿತು, ಇವರೆಲ್ಲ ಮನೆ ಸೇರಿದರು. ಷಡ್ಡಕ ಮಾತ್ರ ಮನೆ ಸೇರಲಿಲ್ಲ. ಹಾಯಿದೋಣಿ ಇಟ್ಟುಕೊಂಡ ಒಬ್ಬ ಹೆಂಗಸು ಎರಡು ಗಂಟೆಯ ಮಟ್ಟಿಗೆ ಇಡೀ ದೋಣಿಯನ್ನೇ ಬಾಡಿಗೆಗೆ ಕೊಡುತ್ತಿದ್ದಳು. ಗಡಿಯಾರದ ಗೋಪುರ, ಸುಂಕದ ಕಟ್ಟೆ, ದೀಪಸ್ತಂಭ, ಹಳೇ ಕ್ರೇನು, ಎಲ್ಲವನ್ನೂ ನೀರಿನ ಕಡೆಯಿಂದ ತೋರಿಸುವುದು. ಷಡ್ಡಕ ಅದರಲ್ಲಿ ಬಂದವರಿಗೆ ಕತೆ ಹೇಳುವ ಮಾತಿನವನಾದ. ಗೂಡಣ್ಣ ದಿನಾ ಸಾಯಂಕಾಲ ದಡದ ಬೆಂಚಿನ ಮೇಲೆ ಪತ್ರಿಕೆ ಹಿಡಿದು ಕೂತು, ದೋಣಿಯಿಂದ ಇಳಿಯುವವರ ಮುಖ ನೋಡುತ್ತಿದ್ದ. ಎಲ್ಲರೂ ನಗುತ್ತ ಇಳಿಯುತ್ತಿದ್ದರು. ಒಂದು ದಿನವಾದರೂ ಒಬ್ಬನಾದರೂ ಹುಳ್ಳಗೆ ಮುಖ ಮಾಡಿಕೊಂಡು ಇಳಿದರೆ ಆ ರಾತ್ರಿ ಒಳ್ಳೆ ನಿದ್ದೆ ಬರುತ್ತಿತ್ತೇನೋ.

"ನನ್ನ ತಂಗಿ ಗಂಡ ಬಾಯಿ ಇಟ್ಕೊಂಡು ಬದುಕ್ತಾರೆ," ಅನ್ನುತ್ತಿದ್ದಳು ಹೆಂಡತಿ. "ನೀವು ಮುಖ ಇಟ್ಕೊಂಡು ಸಾಯ್ತೀರ."

ಈ ವರ್ಷ ಬಂದರು ಕಚೇರಿಯವರು ಹಳೇ ಕ್ರೇನಿಗೆ ಬಣ್ಣ ಬಳಿಸಿ, ಏಣಿಗೆ ಕಟಕಟೆ ಹಾಕಿಸಿ, ಜನರಿಗೆ ತೆರೆಯುತ್ತಾರೆ ಅಂತ ಸುದ್ದಿ ಬಂತು. ಹಳಬರಲ್ಲಿ ಒಬ್ಬನನ್ನು ಅಲ್ಲಿ ಇಟ್ಟುಕೊಳ್ಳುತ್ತಾರಂತೆ, ಬಂದವರಿಗೆ ಹೇಳುವುದಕ್ಕೆ. ಒಬ್ಬನೇ. ಗೂಡಣ್ಣ ಅರ್ಜಿ ಕೊಟ್ಟ. ಅವನ ಹಿಂದೆಯೇ ಷಡ್ಡಕನೂ ಕೊಟ್ಟ. ಕಚೇರಿಯ ಆಫೀಸರಮ್ಮ ಜಾಣೆ. ದಡದ ಕಟ್ಟಡಗಳನ್ನೆಲ್ಲ ನೀರಿನಿಂದ ನೋಡಬೇಕು ಅಂತ ಅದೇ ಹಾಯಿದೋಣಿಯನ್ನು ಒಂದು ಮಧ್ಯಾಹ್ನಕ್ಕೆ ಗೊತ್ತು ಮಾಡಿ, ಇಬ್ಬರನ್ನೂ ಬನ್ನಿ ಅಂದಳು.

ಗೂಡಣ್ಣ ತಯಾರಿ ಮಾಡಿದ. ಹೆಂಡತಿಯ ಕೈಯಲ್ಲಿ ಒಂದು ಹಾಳೆ ಬರೆಸಿದ: ಕ್ರೇನಿನ ಎತ್ತರ, ಹುಟ್ಟಿದ ವರ್ಷ, ಎತ್ತಿದ ಅತಿ ದೊಡ್ಡ ಭಾರ. ಹಾಳೆಯನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡ. ಷಡ್ಡಕ ಚಪ್ಪಲಿಯನ್ನೂ ಹಾಕಿಕೊಳ್ಳದೆ ದೋಣಿಯ ಅಂಚಿನ ಮೇಲೆ ಕೂತಿದ್ದ, ತನ್ನ ಮನೆಯ ಜಗಲಿಯೋ ಎಂಬಂತೆ.

"ಬಾ ಅಣ್ಣ, ಕೈ ಕೊಡು," ಅಂದ.

"ನನಗೂ ಕಾಲಿದೆ," ಅಂದ ಗೂಡಣ್ಣ. ಎಡ ಮಂಡಿ ಕಟಕ್ ಅಂದಿತು. ದೋಣಿಯವಳು ರಟ್ಟೆ ಹಿಡಿದು ಒಳಗೆಳೆದುಕೊಂಡಳು.

ಗಾಳಿ ಹದವಾಗಿತ್ತು. ಹಾಯಿ ಉಬ್ಬಿತು, ದಡ ಹಿಂದೆ ಸರಿಯಿತು. ಗಡಿಯಾರದ ಗೋಪುರ ಬಂದ ಕೂಡಲೇ ಷಡ್ಡಕ ಶುರುಮಾಡಿದ.

"ಮೇಡಂ, ಆ ಗಡಿಯಾರಕ್ಕೆ ನಾಲ್ಕು ಮುಖ, ನಾಲ್ಕರಲ್ಲೂ ಬೇರೆ ಬೇರೆ ಟೈಮು. ಕೆಲಸಕ್ಕೆ ಬರುವಾಗ ನಿಧಾನದ ಮುಖ ನೋಡ್ತಿದ್ವಿ, ಮನೆಗೆ ಹೋಗುವಾಗ ಅವಸರದ್ದು. ಹಂಗಾಗಿ ಒಂದು ದಿನವೂ ಲೇಟಾಗಿಲ್ಲ."

ಆಫೀಸರಮ್ಮ ನಕ್ಕಳು. ಆ ಮಾತು ಗೂಡಣ್ಣನದು. ಮೂವತ್ತು ವರ್ಷದ ಹಿಂದೆ ಚಹಾದಂಗಡಿಯಲ್ಲಿ ಅವನೇ ಮೊದಲು ಹೇಳಿದ್ದ. ಆಗ ಯಾರೂ ನಕ್ಕಿರಲಿಲ್ಲ. ಒಬ್ಬ ಮಾತ್ರ ಗಡಿಯಾರ ರಿಪೇರಿ ಯಾವಾಗ ಅಂತ ಕೇಳಿದ್ದ.

ಸುಂಕದ ಕಟ್ಟೆಯ ಗುಮ್ಮಟ ಬಂತು. "ಒಳಗೆ ಕೂತ ಸಾಹೇಬರ ಹೊಟ್ಟೆ ನೋಡಿ ಮೇಸ್ತ್ರಿ ಅದರ ಅಳತೆ ತಗೊಂಡಿದ್ದು ಮೇಡಂ," ಅಂದ ಷಡ್ಡಕ. ಚುಕ್ಕಾಣಿ ಹಿಡಿದ ದೋಣಿಯವಳು ನೂರು ಸಲ ಕೇಳಿದ್ದರೂ ನಕ್ಕಳು. ಅದಂತೂ ಗೂಡಣ್ಣನಿಂದ ಸಹಿಸಲಾಗಲಿಲ್ಲ. ದೀಪಸ್ತಂಭ ಕಾಣುತ್ತಲೇ ಅವನು ಜೇಬಿನ ಹಾಳೆ ತೆಗೆದ.

"ಇದರ ಎತ್ತರ ನೂರಾ ನಾಲ್ಕಡಿ. ನಮ್ಮ ಕ್ರೇನು ತೊಂಬತ್ತೊಂದು. ಅಂದ್ರೆ ಹದಿಮೂರಡಿ ಕಡಿಮೆ."

"ಹೌದಾ," ಅಂದಳು ಆಫೀಸರಮ್ಮ, ಒಳ್ಳೆ ಮನಸ್ಸಿನಿಂದಲೇ. ಮುಂದೇನಾದರೂ ಇದೆಯೇ ಅಂತ ಒಂದು ಗಳಿಗೆ ಕಾದಳು. ಏನೂ ಇರಲಿಲ್ಲ. ಹಾಳೆ ಗಾಳಿಗೆ ಪಟಪಟ ಅಂದಿತು, ಅವನು ಮಡಚಿ ಒಳಗಿಟ್ಟ.

ತಿರುವು ದಾಟಿದರೆ ಕ್ರೇನು. ಹೊಸ ಹಸಿರು ಬಣ್ಣ ಬಳಿದುಕೊಂಡು ನಿಂತಿತ್ತು, ಗೂಡಿನ ಗಾಜಿನಲ್ಲಿ ಬಿಸಿಲು ಹೊಳೆಯುತ್ತಿತ್ತು. ಆ ಕುರ್ಚಿಯ ತೂತು ಎಲ್ಲಿದೆ, ಯಾವ ಹಿಡಿ ಸ್ವಲ್ಪ ಬಿಗಿ, ಎಲ್ಲವೂ ಗೂಡಣ್ಣನ ತೊಡೆಗೆ, ಅಂಗೈಗೆ ನೆನಪಿತ್ತು. ಅದು ಷಡ್ಡಕನ ಪಾಲಾಗುವುದಾದರೆ ಕರಗಿಸಿ ಗುಜರಿಗೆ ಹಾಕಲಿ ಅಂತ ಮನಸ್ಸು ಹೇಳಿತು. ಇಷ್ಟು ವರ್ಷ ಕಿಸೆಯೊಳಗೆ ಮಸೆದಿಟ್ಟುಕೊಂಡಿದ್ದ ಕತ್ತಿಯನ್ನು ತೆಗೆದ.

"ಮೇಡಂ, ಒಂದು ಮಾತು. ಇವನು ಆ ಏಣಿಯ ಆರನೇ ಮೆಟ್ಟಿಲು ದಾಟಿದವನಲ್ಲ. ಎತ್ತರ ಅಂದ್ರೆ ಇವನಿಗೆ ತಲೆ ತಿರುಗುತ್ತೆ. ಗೂಡಿನ ಒಳಗೆ ಏನಿದೆ ಅಂತ ಇವತ್ತಿಗೂ ಗೊತ್ತಿಲ್ಲ. ಬೇಕಾದ್ರೆ ಕೇಳಿ."

ಆಫೀಸರಮ್ಮ ಷಡ್ಡಕನ ಕಡೆ ತಿರುಗಿದಳು. ಬಿತ್ತು ಏಟು ಅಂತ ಗೂಡಣ್ಣ ಒಳಗೊಳಗೇ ಲೆಕ್ಕ ಹಾಕಿದ.

"ಆರಲ್ಲ ಮೇಡಂ, ನಾಲ್ಕು," ಅಂದ ಷಡ್ಡಕ. "ಅಣ್ಣ ಸಂಬಂಧಿಕ ಅಂತ ಎರಡು ಸೇರಿಸಿ ಹೇಳ್ತಿದ್ದಾನೆ. ಮೊದಲ್ನೇ ದಿನ ನಾಲ್ಕನೇ ಮೆಟ್ಟಿಲಲ್ಲಿ ಕಣ್ಣು ಮುಚ್ಕೊಂಡು ಏಣಿ ತಬ್ಕೊಂಡೆ. ಹೆಂಡತೀನೂ ಹಂಗೆ ತಬ್ಕೊಂಡಿಲ್ಲ. ಇಳಿಸೋಕೆ ಮೂರು ಜನ ಬೇಕಾಯ್ತು, ಒಬ್ಬ ಬೆರಳು ಬಿಡಿಸೋಕೆ, ಇಬ್ಬರು ಹಿಡ್ಕೊಳ್ಳೋಕೆ."

ಆಫೀಸರಮ್ಮ ಕಣ್ಣೊರೆಸಿಕೊಂಡು ನಕ್ಕಳು. ಕತ್ತಿಯನ್ನು ಇವನು ಎಸೆದರೆ ಅವನು ಅದರಲ್ಲಿ ಹಣ್ಣು ಹೆಚ್ಚಿ ಎಲ್ಲರಿಗೂ ಹಂಚಿದ. ತನ್ನ ಹೇಡಿತನವನ್ನೂ ಮಾರಿಕೊಂಡು ತಿನ್ನುವವನ ಹತ್ತಿರ ಗೆಲ್ಲುವುದು ಹೇಗೆ?

ಅಷ್ಟರಲ್ಲಿ ದೋಣಿಯವಳು ಮೇಲೆ ನೋಡಿ, "ಹಾಯಿ ಜೋಲುಬಿದ್ದಿದೆ," ಅಂದಳು. ದಿನಾ ಅದನ್ನು ಬಿಗಿಮಾಡುತ್ತಿದ್ದವನು ಷಡ್ಡಕ. ಅವನು ಮಾತಿನಲ್ಲಿ ಮುಳುಗಿದ್ದ. "ಯಜಮಾನ್ರೇ, ಆ ಹಗ್ಗ ಗೂಟದಿಂದ ಬಿಚ್ಚಿ ಒಂದು ಗೇಣು ಮೇಲೆ ಎಳೀತೀರಾ? ಎಳೆದು ಮತ್ತೆ ಸುತ್ತಿಬಿಡಿ."

ಕೊನೆಗೂ ಒಂದು ಕೆಲಸ. ಗೂಡಣ್ಣ ಕಂಬದ ಬುಡಕ್ಕೆ ಹೋಗಿ ಹಗ್ಗ ಬಿಚ್ಚಿದ, ಕಾಲೂರಿ ಎಳೆದ. ಹಾಯಿ ಒಂದು ಗೇಣಲ್ಲ, ಒಂದೂವರೆ ಗೇಣು ಮೇಲೇರಿತು. ಈಗ ಯಾರಾದರೂ ನೋಡಲಿ ಅಂತ ಹಗ್ಗ ಹಿಡಿದೇ ಹಿಂದೆ ತಿರುಗಿದ.

ಯಾರೂ ನೋಡುತ್ತಿರಲಿಲ್ಲ. ಷಡ್ಡಕ ಕ್ರೇನಿಗೆ ಬೆನ್ನು ಮಾಡಿ ನಿಂತು ಮುಷ್ಕರದ ಕತೆ ಹೇಳುತ್ತಿದ್ದ.

"ಮೂರು ದಿನ ಇಳಿಯಲಿಲ್ಲ ನಮ್ಮಣ್ಣ. ಊಟ ಬಕೆಟ್‌ನಲ್ಲಿ ಮೇಲೆ ಹೋಗ್ತಿತ್ತು. ಮೇಲೆ ಹೋಗಿದ್ದು ಕೆಳಗೆ ಇಳೀಲೇಬೇಕಲ್ಲ ಮೇಡಂ, ಅದೂ ಬಕೆಟ್‌ನಲ್ಲೇ. ಅಣ್ಣ ಹಗ್ಗ ಬಿಡ್ತಿದ್ದಾನೆ, ಬಕೆಟ್ ಅಡ್ಡ ಬಂದು ಅದರ ಕೆಳಗೇನಿದೆ ಅಂತ ಅವನಿಗೆ ಕಾಣಲ್ಲ. ಕೆಳಗೆ ಸರಿಯಾಗಿ ನಮ್ಮ ಮ್ಯಾನೇಜರ ಬಿಳೀ ಕಾರು. ನಾನು ಬೇರೆ ಕಡೆ ತೋರಿಸಬಹುದಿತ್ತು. ತೋರಿಸ್ಲಿಲ್ಲ. ಇಳಿಸು ಅಂದೆ. ಇನ್ನೂ ಇಳಿಸು ಅಂದೆ…"

ಅವನ ಬಲಗೈ ಚಾಚಿತ್ತು, ಅಂಗೈ ಕೆಳಗೆ. ಗಾಳಿಯನ್ನು ಮೆಲ್ಲಗೆ ತಟ್ಟುತ್ತಿತ್ತು.

ಗೂಡಣ್ಣನ ಕೈಗಳು ಹಗ್ಗ ಬಿಡತೊಡಗಿದವು. ಅವನಿಗೆ ಅದು ತಿಳಿಯಲೇ ಇಲ್ಲ. ಜರ್ರನೆ ಜಾರಿಸಲಿಲ್ಲ, ಒಂದು ಕೈ ಆದಮೇಲೆ ಒಂದು ಕೈ, ಗಾಜಿನ ಪೆಟ್ಟಿಗೆ ಇಳಿಸುವವನ ಹಾಗೆ. ಹಾಯಿ ಮಡಿಕೆ ಮಡಿಕೆಯಾಗಿ ಇಳಿದು, ಆಫೀಸರಮ್ಮನ ತಲೆಯ ಮೇಲೆ ಮೆತ್ತಗೆ ಕೂತಿತು. ದೋಣಿ ನಿಂತಿತು. ಎದುರಿನಿಂದ ಬರುತ್ತಿದ್ದ ಜನ ಸಾಗಿಸುವ ದೋಣಿ ಭೋಂ ಅಂತ ಉದ್ದಕ್ಕೆ ಹಾರ್ನ್ ಹಾಕಿತು. ಷಡ್ಡಕ ತಿರುಗಿ ನೋಡಿದವನೇ ಮುಷ್ಟಿ ಬಿಗಿದ. ಗೂಡಣ್ಣನ ಕೈ ಅಲ್ಲೇ ನಿಂತಿತು.

"ಹಾಯಿ ಇಳಿಸಿ ಅಂತ ಯಾರ್ರೀ ಹೇಳಿದ್ರು?" ಅಂತ ದೋಣಿಯವಳು ಗದರಿದಳು.

ಗೂಡಣ್ಣ ತನ್ನ ಕೈ ನೋಡಿಕೊಂಡ. ಆಮೇಲೆ ಷಡ್ಡಕನ ಕಡೆ ತೋರಿಸಿದ. "ಅವನು."

ಷಡ್ಡಕ ಅಷ್ಟು ಹೊತ್ತಿನಲ್ಲಿ ಮೊದಲ ಸಲ ನಗಿಸಲು ಹೋಗಲಿಲ್ಲ. "ಹೌದಮ್ಮ. ನಾನೇ ಹೇಳ್ದೆ," ಅಂದ.

ಆಫೀಸರಮ್ಮ ಹಾಯಿಯೊಳಗಿಂದ ತಲೆ ಹೊರಗೆ ಹಾಕಿದಳು. ಅವಳಿಗೆ ಕೋಪ ಬಂದಿರಲಿಲ್ಲ, ಕಣ್ಣು ಅಗಲವಾಗಿದ್ದವು. "ಇನ್ನೊಂದ್ಸಲ ಮಾಡಿ ತೋರಿಸ್ತೀರಾ? ಇಬ್ಬರೂ ಸೇರಿ?"

ಷಡ್ಡಕ ತೋರುಬೆರಳು ಮೇಲೆತ್ತಿದ. ಗೂಡಣ್ಣ ಮುಖ ತಿರುಗಿಸಿ ಸಮುದ್ರ ನೋಡುತ್ತ, "ನಾನು ಎತ್ತಲ್ಲ," ಅಂದ. ದೋಣಿಯವಳೇ ಬಂದು ಎತ್ತಿದಳು. ಸಿಳ್ಳೆ ಹಾಕಿದರೆ ನಾಯಿ ಬಾಲ ಆಡಿಸುವ ಹಾಗೆ ತನ್ನ ಕೈ ಆಡಿತಲ್ಲ ಎಂಬ ನಾಚಿಕೆ ಅವನ ಕಿವಿಯ ತುದಿಯನ್ನು ಸುಡುತ್ತಿತ್ತು. ಫೋಟೋ ಹೋಗಲಿ, ಜೋಕು ಹೋಗಲಿ; ತನ್ನ ತೋಳೂ ಅವನದೇ ಆಗಿತ್ತು.

ದಡದಲ್ಲಿ ಆಫೀಸರಮ್ಮ ತೀರ್ಮಾನ ಹೇಳಿದಳು: ಒಬ್ಬರಲ್ಲ, ಇಬ್ಬರು. ಮೇಲೆ ಗೂಡಿನಲ್ಲಿ ಗೂಡಣ್ಣ, ಕೆಳಗೆ ಕಟ್ಟೆಯ ಮೇಲೆ ಷಡ್ಡಕ. ಇಬ್ಬರೂ ಒಪ್ಪಿದರೆ ಮಾತ್ರ. ಸೋಮವಾರದೊಳಗೆ ತಿಳಿಸಬೇಕು.

"ನಾನು ಈಗ್ಲೇ ಒಪ್ಪಿದೆ," ಅಂದ ಷಡ್ಡಕ.

"ನಾನು ಇವನ ಜೊತೆ ಬರಲ್ಲ," ಅಂದು ಗೂಡಣ್ಣ ಮನೆಗೆ ನಡೆದ.

ಹೆಂಡತಿಗೆ ಸುದ್ದಿ ಆಗಲೇ ತಂಗಿಯಿಂದ ಮುಟ್ಟಿತ್ತು. ಅವಳು ಚಹಾ ಲೋಟವನ್ನು ಕೈಗೆ ಕೊಡದೆ ಮೇಜಿನ ಮೇಲೆ ಕುಕ್ಕಿದಳು.

"ನಿಮಗೆ ಆ ಗೂಡು ಬೇಕೋ, ಅವರಿಗೆ ಏನೂ ಸಿಗಬಾರದೋ? ಎರಡರಲ್ಲಿ ಒಂದು ಹೇಳಿ."

"ಎರಡೂ."

"ಎರಡೂ ಒಟ್ಟಿಗೆ ಇಲ್ಲ ಅಂದಿದ್ದಾಳಲ್ಲ ಆ ಆಫೀಸರಮ್ಮ."

"ಅವನು ಕೈ ಆಡಿಸೋದು, ನಾನು ಕುಣಿಯೋದು. ಇನ್ನೂ ಎಷ್ಟು ವರ್ಷನೇ?"

"ಇಪ್ಪತ್ತೆರಡು ವರ್ಷ ಆ ಕೈ ನಂಬಿದ್ರಿ. ಒಂದು ಸಲವಾದ್ರೂ ಯಾರ ಮೇಲಾದ್ರೂ ಭಾರ ಬಿತ್ತಾ? ಹಗ್ಗ ಕಿತ್ತಿದ್ದು ಕಂಪನಿದು, ಕೈ ತಪ್ಪಿದ್ದಲ್ಲ."

ಒಂದು ಸಲವೂ ಬಿದ್ದಿರಲಿಲ್ಲ. ಅದು ಗೂಡಣ್ಣನಿಗೆ ಗೊತ್ತಿತ್ತು, ಅದಕ್ಕೇ ಇನ್ನಷ್ಟು ಉರಿಯಿತು. ಕೆಟ್ಟವನ ಮೇಲೆ ಹೊಟ್ಟೆ ಉರಿದುಕೊಳ್ಳುವುದು ಸಲೀಸು, ಅದಕ್ಕೆ ಸಿಟ್ಟು ಅಂತ ಹೆಸರು ಕೊಟ್ಟು ಎದೆಯುಬ್ಬಿಸಿ ತಿರುಗಬಹುದು. ಇದಕ್ಕೆ ಬೇರೆ ಹೆಸರೇ ಸಿಗುತ್ತಿರಲಿಲ್ಲ.

ಸೋಮವಾರ ಅವನು ಕಚೇರಿಗೆ ಹೋಗಿ ಸಹಿ ಹಾಕಿದ.

"ಇಬ್ಬರಿಗೂ ಹೊಂದಿಕೆ ಆಗುತ್ತಲ್ವಾ?" ಅಂತ ಆಫೀಸರಮ್ಮ ಕೇಳಿದಳು.

"ಆಗಲ್ಲ. ಆದ್ರೂ ಬರ್ತೀನಿ."

ಕ್ರೇನು ತೆರೆದ ದಿನ ಅವನು ಅರವತ್ತೆಂಟು ಮೆಟ್ಟಿಲನ್ನು ಐದು ಕಡೆ ನಿಂತು ಹತ್ತಿದ. ಕುರ್ಚಿಯ ತೂತಿಗೆ ಯಾರೋ ತೇಪೆ ಹಾಕಿದ್ದರು. ಹಿಡಿಗಳು ಆಡುತ್ತಿರಲಿಲ್ಲ, ಬೆಸುಗೆ ಹಾಕಿದ್ದರು. ಕೂತ. ಕಾಲಡಿಯ ಗಾಜಿನಲ್ಲಿ ಕಟ್ಟೆ ಕಂಡಿತು, ಜನರ ನಡುವೆ ಷಡ್ಡಕನ ಬೋಳುತಲೆ ಕಂಡಿತು. ಕೆಳಗಿನಿಂದ ನಗು ಅಲೆ ಅಲೆಯಾಗಿ ಏರಿ ಬಂತು. ಮೇಲೆ ಯಾರೂ ಬರಲಿಲ್ಲ. ಹತ್ತು ನಿಮಿಷ ತಡೆದ. ಕಾಲುಗಂಟೆ ತಡೆದ. ಆಮೇಲೆ ಪಕ್ಕದ ಕಿಟಕಿಯನ್ನು ಗುದ್ದಿ ತೆರೆದು, ಕತ್ತು ಹೊರಗೆ ಚಾಚಿದ.

"ನಕ್ಕು ಮುಗಿದಿದ್ರೆ ಮೇಲೆ ಬನ್ನಿ," ಅಂತ ಕೂಗಿದ. "ಅಲ್ಲಿ ಬರೀ ಮಾತು. ಕೆಲಸ ನಡೀತಿದ್ದದ್ದು ಇಲ್ಲಿ."

ಮೂವರು ಹತ್ತಿ ಬಂದರು. ಕೆಳಗೆ ಮೂವತ್ತೊಂದು ಜನ ಉಳಿದರು. ಅವನು ಎರಡು ಸಲ ಎಣಿಸಿದ್ದ.