ಎರಡು ದಡ, ಒಂದು ಪಂಚಾಯತಿ

ಸಿದ್ಧಕಟ್ಟೆಯಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ನಮ್ಮ ಊರಿಗೆ ಅದರದ್ದೇ ಒಂದು ಪಂಚಾಯತಿ ಇತ್ತು. ಕಚೇರಿ ಎಂದರೆ ಶಾಲೆಯ ಜಗಲಿಯಲ್ಲಿ ಒಂದು ಮೇಜು ಮತ್ತು ಬೀಗ ಹಾಕುವ ಒಂದು ಪೆಟ್ಟಿಗೆ. ಅಧ್ಯಕ್ಷರು ನನ್ನ ಸೋದರಮಾವ. ಜಿಲ್ಲೆ ಮದರಾಸಿನಿಂದ ಮೈಸೂರಿಗೆ ಸೇರಿ ಕೆಲವು ವರ್ಷಗಳಾದ ಮೇಲೆ ಹೊಸ ಕಾನೂನು ಬಂತು. ನಮ್ಮ ಊರನ್ನು ಹೊಳೆಯಾಚೆಯ ಊರಿನೊಂದಿಗೆ ಸೇರಿಸಿ ಒಂದೇ ಪಂಚಾಯತಿ ಮಾಡಲಾಗುವುದು, ಆಕ್ಷೇಪವಿದ್ದರೆ ತಿಳಿಸಬಹುದು ಎಂದು ಶಾಲೆಯ ಗೋಡೆಗೆ ನೋಟೀಸು ಅಂಟಿಸಿದರು. ಆಚೆ ಊರು ದೊಡ್ಡದು. ಸೇರಿದರೆ ಮಾವನ ಅಧ್ಯಕ್ಷಗಿರಿ ಹೋಗುವುದು ಖಂಡಿತ ಎಂದು ಮಾವನೂ ಸೇರಿ ಎಲ್ಲರಿಗೂ ಗೊತ್ತಿತ್ತು.

ಮಾವ ಆಕ್ಷೇಪ ಬರೆಸಿದರು: ಮಳೆಗಾಲದಲ್ಲಿ ಹೊಳೆ ತುಂಬಿದರೆ ಎರಡು ಊರುಗಳಿಗೆ ಸಂಪರ್ಕವೇ ಇರುವುದಿಲ್ಲ, ಅನುಮಾನವಿದ್ದರೆ ಆಟಿ ತಿಂಗಳ ಮಳೆಯಲ್ಲೇ ಬಂದು ನೋಡಬಹುದು. ಆಚೆ ಊರಿನವರಿಗೆ ನಮ್ಮ ರಸ್ತೆಗಳ ಖರ್ಚು ಬೇಡವಾಗಿತ್ತು. ಅವರೂ ಹೆಚ್ಚು ಕಡಿಮೆ ಅದನ್ನೇ ಬರೆದರು. ಅವರ ಕಡೆಯಿಂದ ಮಾತಾಡಲು ನಿಂತವರು ನನ್ನ ತಂದೆ.

ಇಲ್ಲಿ ಒಂದು ವಿವರಣೆ ಅಗತ್ಯ. ನಮ್ಮದು ಅಳಿಯಸಂತಾನದ ಮನೆತನ. ಗಂಡಸು ಸೇರಿದ್ದು ತಾಯಿಯ ಮನೆಗೆ. ಹಗಲು ಅಲ್ಲಿ ಗದ್ದೆ ನೋಡಿ, ಸಂಜೆ ಹೆಂಡತಿಯ ಮನೆಗೆ ಹೋಗಿ, ಬೆಳಿಗ್ಗೆ ಮರಳುವುದು ವಾಡಿಕೆ. ಮಾವನ ಹೆಂಡತಿಯ ಮನೆ ಹೊಳೆಯಾಚೆ. ತಂದೆಯ ತಾಯಿಮನೆಯೂ ಹೊಳೆಯಾಚೆ. ಅವರ ಹೆಂಡತಿ, ಅಂದರೆ ನನ್ನ ತಾಯಿ, ಈಚೆ. ಆದ್ದರಿಂದ ಪ್ರತಿ ಸಂಜೆ ಬಾವಂದಿರಿಬ್ಬರೂ ಹೊಳೆಗೆ ಅಡ್ಡ ಹಾಕಿದ ಅಡಿಕೆ ಮರದ ಕಾಲುಸಂಕದ ಬಳಿ ಎದುರಾಗುತ್ತಿದ್ದರು. ಒಬ್ಬರು ದಾಟುವವರೆಗೆ ಇನ್ನೊಬ್ಬರು ದಡದಲ್ಲಿ ಕಾಯುವುದು ಮರ್ಯಾದೆ. ಅವರಿಬ್ಬರೇ ಅಲ್ಲ, ಎರಡೂ ಊರಿನ ಬಹಳಷ್ಟು ಗಂಡಸರದು ಇದೇ ಕಥೆ.

ವಿಚಾರಣೆಗೆ ಬಂದ ಅಧಿಕಾರಿ ಘಟ್ಟದ ಮೇಲಿನವರು. ಬಂಟ್ವಾಳದಲ್ಲಿ ನೇತ್ರಾವತಿ ಉಕ್ಕಿ ರಸ್ತೆಗೆ ಬಂದಿದ್ದರಿಂದ ಬೆಳಿಗ್ಗೆ ಬರಬೇಕಾದವರು ಮಧ್ಯಾಹ್ನ ಕಳೆದು ತಲುಪಿದರು. ಮಾವ ಅವರನ್ನು ಮೊದಲು ಹೊಳೆಯ ಬದಿಗೆ ಕರೆದುಕೊಂಡು ಹೋದರು. ಕೆಂಪು ನೀರು ಸಂಕವನ್ನು ಸವರಿಕೊಂಡೇ ಹೋಗುತ್ತಿತ್ತು. ಅದರ ಮೇಲೆ ಕಾಲಿಡಲು ಅಧಿಕಾರಿ ಒಪ್ಪಲಿಲ್ಲ. ಅರ್ಧ ಗೆದ್ದ ಹಾಗೆ ಎಂದು ನಮ್ಮವರು ಪರಸ್ಪರ ಮುಖ ನೋಡಿಕೊಂಡರು.

ಮಂಗಳೂರಿನ ಪತ್ರಿಕೆಯೊಂದಕ್ಕೆ ವರದಿ ಕಳುಹಿಸುತ್ತಿದ್ದ ನಾನು ಶಾಲೆಯ ಹಿಂದಿನ ಬೆಂಚಿನಲ್ಲಿದ್ದೆ. ಮನೆಯಲ್ಲಿ ತುಳು ಮಾತಾಡುವ ಮಾವ ಪಾಠ ಒಪ್ಪಿಸುವಂಥ ಕನ್ನಡದಲ್ಲಿ ಹೊಳೆಯ ಭೀಕರತೆಯನ್ನು ವಿವರಿಸಿದರು. ತಂದೆ ಎದ್ದು, ಬಾವ ಹೇಳಿದ್ದು ಅಕ್ಷರಶಃ ಸತ್ಯ ಎಂದರು. ಬರೆದುಕೊಳ್ಳುತ್ತಿದ್ದ ಅಧಿಕಾರಿ ತಲೆ ಎತ್ತಿದರು.

"ನೀವು ಆಚೆ ಊರಿನವರಲ್ವೇನ್ರೀ? ಹೆಂಗೆ ಬಂದ್ರಿ?"

"ನಾನು ಈಗ ಬಂದದ್ದಲ್ಲ ಸ್ವಾಮಿ, ನಿನ್ನೆ ಸಂಜೆಯೇ ಬಂದಿದ್ದೇನೆ," ಎಂದರು ತಂದೆ. "ಹೆಂಡತಿ ಮನೆ ಇಲ್ಲಿ ಉಂಟು."

ಅಧಿಕಾರಿ ಮಾವನ ಕಡೆ ತಿರುಗಿದರು. "ನಿನ್ನೆ ರಾತ್ರಿ ನೀವೆಲ್ಲಿದ್ರಿ?"

"ಆಚೆ ಊರಿನಲ್ಲಿ."

"ಈ ಹೊಳೆ ದಾಟಿ?"

"ದಿನಾ ದಾಟ್ತೇನೆ. ಅದು ಮನೆ ವಿಷಯ ಸ್ವಾಮಿ, ಪಂಚಾಯತಿ ವಿಷಯ ಅಲ್ಲ."

ಮಾವ ಸುಳ್ಳು ಹೇಳುವವರಲ್ಲ. ಹೆಂಡತಿಯ ಮನೆಗೆ ಹೋಗುವುದನ್ನು ಅವರು ಸಂಪರ್ಕವೆಂದು ಎಣಿಸಿಯೇ ಇರಲಿಲ್ಲ. ಅಲ್ಲಿ ಕೂತವರಲ್ಲಿ ಯಾರೂ ಎಣಿಸಿರಲಿಲ್ಲ. ಅಷ್ಟರಲ್ಲಿ ಹೊತ್ತು ಮುಳುಗುತ್ತ ಬಂದಿತ್ತು. ಬೆಳಕಿರುವಾಗಲೇ ಸಂಕ ದಾಟಬೇಕಾದವರು ಒಬ್ಬೊಬ್ಬರಾಗಿ ಛತ್ರಿ ಹಿಡಿದು ಹೊರಟರು. ಅರ್ಧ ಬೆಂಚುಗಳು ಖಾಲಿಯಾದವು. ಅಧಿಕಾರಿ ಕಿಟಕಿಯಿಂದ ಅದನ್ನು ನೋಡಿ ಪೆನ್ನಿಗೆ ಮುಚ್ಚಳ ಹಾಕಿದರು. ಊರುಗಳು ಸೇರಿದವು.

ಚುನಾವಣೆ ಬೇಸಗೆಯಲ್ಲಿ ನಡೆಯಿತು. ಮಾವನೂ ತಂದೆಯೂ ತಮ್ಮ ತಮ್ಮ ಊರಿನಿಂದ ಸದಸ್ಯರಾದರು. ಅಧ್ಯಕ್ಷ ಸ್ಥಾನಕ್ಕೆ ಮಾವನ ಎದುರು ನಿಂತವರು ಅವರ ಹೆಂಡತಿಯ ಅಣ್ಣ, ಅಂದರೆ ಮಾವ ದಿನಾ ಉಂಡು ಮಲಗುವ ಮನೆಯ ಯಜಮಾನರು. ಆಚೆ ಊರಿಗೆ ಒಬ್ಬ ಸದಸ್ಯ ಹೆಚ್ಚು. ಸೋಲು ಖಚಿತವೆಂದು ಮಾವ ಸಭೆಗೆ, ಅಧ್ಯಕ್ಷರಾಗಿ ಹಾಕುತ್ತಿದ್ದ ಕಪ್ಪು ಕೋಟು ಹಾಕದೆಯೇ ಬಂದಿದ್ದರು. ಆದರೆ ಕೈ ಎತ್ತುವಾಗ ತಂದೆಯ ಕೈ ಮಾವನ ಪರವಾಗಿ ಮೇಲೆ ಹೋಯಿತು. ಮಾವ ಗೆದ್ದರು. ತಂದೆಯ ಊರಿನವರೊಬ್ಬರು ಅಲ್ಲೇ ಅವರನ್ನು ತರಾಟೆಗೆ ತೆಗೆದುಕೊಂಡರು. ತಂದೆ ತಣ್ಣಗೆ ಹೇಳಿದರು, "ಕೈ ಎತ್ತದಿದ್ದರೆ ಸಂಜೆ ಯಾವ ಮನೆಗೆ ಹೋಗುವುದು ಮಾರಾಯ ನಾನು?"

ಅದೇ ಪ್ರಶ್ನೆ ಈಗ ಮಾವನದ್ದೂ ಆಗಿತ್ತು. ಸಂಜೆಯಾದರೂ ಅವರು ನಮ್ಮ ಜಗಲಿಯಿಂದ ಏಳಲಿಲ್ಲ. ಎಲೆಯಡಿಕೆ ತಟ್ಟೆ ಮುಂದಿಟ್ಟುಕೊಂಡು, ಪಂಚಾಯತಿಯ ಕೆಲಸ ಬಹಳ ಉಂಟು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ತಾಯಿ ಒಲೆಯ ಮೇಲಿನ ಪಾತ್ರೆಗೆ ಇನ್ನೊಂದಿಷ್ಟು ಅಕ್ಕಿ ಹಾಕಿದರು. ದೀಪ ಹಚ್ಚುವ ಹೊತ್ತಿಗೆ ಅಂಗಳದಲ್ಲಿ, ಚುನಾವಣೆ ಸೋತ ಯಜಮಾನರು ಬಂದು ನಿಂತಿದ್ದರು. ಕರೆದರೂ ಜಗಲಿ ಹತ್ತಲಿಲ್ಲ.

"ಬಾವ, ಅಧ್ಯಕ್ಷಗಿರಿಯನ್ನು ಇಲ್ಲೇ ಇಟ್ಟು ಹೊರಡಿ," ಎಂದರು. "ತಂಗಿ ಕೋಳಿ ಪದಾರ್ಥ ಮಾಡಿದ್ದಾಳೆ. ನೀವು ಬಾರದೆ ನನಗೂ ಬಡಿಸುವುದಿಲ್ಲವಂತೆ."

ಮಾವ ಎದ್ದರು.